ಅಕ್ಕನ ಹೊಲಿಗೆ ಕ್ಲಾಸೂ ಭಾವನ ಮಿಂಚು ಪ್ಯಾಕೂ

ಫೋನಿನಲ್ಲಿ ಮಾತಾಡುತ್ತಿದ್ದ ಮುಖ ಇದ್ದಕ್ಕಿದ್ದಂತೆ ಬಾಯಿ ತೆರೆದುಕೊಂಡು ನಿಂತುಬಿಟ್ಟರೆ ನೀವೇನು ಮಾಡುತ್ತೀರಿ? ನಾನಂತೂ ಫೋನನ್ನು ಅಲುಗಾಡಿಸುತ್ತೇನೆ. ಅಲುಗಾಡಿಸಿದರೆ ಏನೂ ಆಗುವುದಿಲ್ಲ ಅಂತ ಗೊತ್ತು, ಆದರೂ ಅಲುಗಾಡಿಸುತ್ತೇನೆ. ಆಮೇಲೆ ಕಿಟಕಿಯ ಹತ್ತಿರ ಹೋಗುತ್ತೇನೆ, ಆಫ್ ಮಾಡಿ ಆನ್ ಮಾಡುತ್ತೇನೆ, ಕೊನೆಗೆ ಹಾಳಾದ ಫೋನು ಅಂತ ಬೈದು ಸುಮ್ಮನಾಗುತ್ತೇನೆ. ನಮ್ಮ ಎದುರು ಮನೆಯ ಅಕ್ಕ ಹಾಗಲ್ಲ. ಅವಳು ಫೋನನ್ನು ಬೈಯಲಿಲ್ಲ, ತನ್ನನ್ನೇ ಬೈದುಕೊಂಡಳು. ಅದನ್ನು ನೋಡಿ ನನಗೆ ಬಂದ ಸಿಟ್ಟಿನಿಂದಲೇ ಇದನ್ನು ಬರೆಯುತ್ತಿದ್ದೇನೆ.

ಅಕ್ಕ ಎಂದರೆ ನನ್ನ ಒಡಹುಟ್ಟಿದವಳಲ್ಲ. ಮೂರನೇ ಮಹಡಿಯಲ್ಲಿ ಅವಳ ಬಾಗಿಲಿಗೆ ನನ್ನ ಬಾಗಿಲು ಎದುರು, ಅಷ್ಟೇ. ಆದರೆ ಹದಿನೆಂಟು ವರ್ಷ ಎದುರುಬದುರು ಬದುಕಿ, ಒಡಹುಟ್ಟಿದವರಷ್ಟೇ ಜಗಳವನ್ನೂ ಆಡಿದ್ದೇವೆ. ಅವಳು ಟೈಲರ್. ಅವಳ ಗಂಡ ಗಡಿಯಾರ ರಿಪೇರಿ ಮಾಡುವವರು, ನನಗೆ ಭಾವ. ಮೊಣಕಾಲು ನೋವು ಬಂದು ದಿನವಿಡೀ ಮಷಿನ್ ತುಳಿಯಲು ಆಗದೆ ಅಕ್ಕ ಅಂಗಡಿ ಮುಚ್ಚಿದಳು. ಆಗ ಮಂಕಾಗಿದ್ದ ಅವಳ ಮುಖಕ್ಕೆ ಮತ್ತೆ ಕಳೆ ತಂದದ್ದು ಫೋನಿನ ಮೇಲಿನ ಹೊಲಿಗೆ ಕ್ಲಾಸು.

ಹೊಲಿಗೆ ಕಲಿಸುವವರದೇ ಒಂದು ಸಣ್ಣ ಸಂಘವಿದೆ. ಅವರು ಸೇರಿಕೊಂಡು ಒಂದು ಪುಟ್ಟ ವೆಬ್‌ಸೈಟ್ ಮಾಡಿಕೊಂಡಿದ್ದಾರೆ. ಅದರಲ್ಲಿ ವಾರಕ್ಕೆ ಮೂರು ದಿನ, ಮಧ್ಯಾಹ್ನ ಮೂರು ಗಂಟೆಗೆ ಅಕ್ಕನ ಪಾಠ. ಭಾವ ಹಳೇ ಟೇಬಲ್ ಲ್ಯಾಂಪಿನ ಕತ್ತು ಕಿತ್ತು, ಅದನ್ನು ಬಟ್ಟೆ ಕತ್ತರಿಸುವ ಮೇಜಿಗೆ ಜೋಡಿಸಿ, ಫೋನು ಸಿಕ್ಕಿಸಿಕೊಟ್ಟಿದ್ದಾರೆ. ಕಲಿಯುವವರಿಗೆ ಮೇಲಿನಿಂದ ಕಾಣುವುದು ಅಕ್ಕನ ಎರಡು ಕೈ, ಒಂದು ಕತ್ತರಿ, ಬಟ್ಟೆ. ಬೇರೆ ಬೇರೆ ಊರಿನ ಹನ್ನೊಂದು ಜನ ಕಲಿಯುತ್ತಿದ್ದರು. ಅವರಲ್ಲಿ ಒಬ್ಬಳು ಬಸ್ ಕಂಡಕ್ಟರ್. ಎರಡು ಟ್ರಿಪ್ಪಿನ ನಡುವೆ ಸಿಗುವ ಒಂದು ಗಂಟೆಯಲ್ಲಿ, ಡಿಪೋದ ಬೆಂಚಿನ ಮೇಲೆ ಕೂತು, ತೊಡೆಯ ಮೇಲೆ ಬಟ್ಟೆ ಹರಡಿಕೊಂಡು ಕಲಿಯುವವಳು.

ಒಂದೂವರೆ ತಿಂಗಳಿಂದ ಈ ಕ್ಲಾಸಿಗೆ ಗ್ರಹಚಾರ ಹಿಡಿದಿತ್ತು. ಅಕ್ಕ ಮಾತಾಡುತ್ತಿದ್ದರೆ ಅತ್ತ ಕಡೆಯವರು, "ಅಕ್ಕಾ, ನಿಂತುಹೋಯ್ತು", "ಈಗ ಬಂತು", "ಮತ್ತೆ ಹೋಯ್ತು" ಅನ್ನುವುದೇ ಆಯಿತು. ಅಕ್ಕ ಯೋಚಿಸಿದಳು. ತನ್ನ ಕೈ ಬಹಳ ಬೇಗ ಓಡುತ್ತದೆ, ಪಾಪ ಆ ಫೋನಿಗೆ ಹಿಡಿಯಲು ಆಗುವುದಿಲ್ಲ ಅಂತ ತೀರ್ಮಾನಿಸಿ ಕೈಯನ್ನು ನಿಧಾನ ಮಾಡಿಕೊಂಡಳು. ಆದರೂ ಚಿತ್ರ ನಿಂತಿತು. ಇನ್ನೂ ನಿಧಾನ ಮಾಡಿದಳು. ಹಾಲು ಕಾಯುವಷ್ಟರಲ್ಲಿ ಒಂದು ಅಂಗಿ ಕತ್ತರಿಸಿ ಇಡುತ್ತಿದ್ದವಳು ಕತ್ತರಿಯನ್ನು ನೀರೊಳಗೆ ಆಡಿಸಿದಂತೆ ಆಡಿಸತೊಡಗಿದಳು. ಒಂದೊಂದು ಮಾತನ್ನೂ ಎರಡೆರಡು ಸಲ ಹೇಳುತ್ತಿದ್ದಳು. ನನ್ನ ಹತ್ತಿರ ಉಪ್ಪು ಕೇಳುವಾಗಲೂ ಎರಡು ಸಲ ಕೇಳಿದಾಗ ಇದು ಯಾಕೋ ಅತಿಯಾಯಿತು ಅನ್ನಿಸಿತು.

ಆಮೇಲೆ ಬಂತು ತೋಳಿನ ಪಾಠ. ಅಂಗಿಯ ತೋಳಿಗೆ ಮುಂದೆ, ಹಿಂದೆ ಅಂತ ಇರುತ್ತದಂತೆ. ಮುಂಭಾಗದ ತಿರುವು ಸ್ವಲ್ಪ ಆಳ, ಹಿಂಭಾಗದ್ದು ಕಡಿಮೆ. ಒಂದು ತೋಳು ಕತ್ತರಿಸಿದ ಮೇಲೆ ಅಳತೆಯ ಕಾಗದವನ್ನು ಮಗುಚಿ ಹಾಕಿ ಇನ್ನೊಂದನ್ನು ಕತ್ತರಿಸಬೇಕು. ಸರಿಯಾಗಿ ಆ ಮಗುಚುವ ಹೊತ್ತಿನಲ್ಲೇ ಚಿತ್ರ ನಿಂತುಹೋಗಿತ್ತು. ಮರುದಿನ ಕಲಿಯುವವರು ಫೋಟೋ ಕಳಿಸಿದರು. ಹನ್ನೊಂದರಲ್ಲಿ ಏಳು ಜನ ಎರಡೂ ತೋಳನ್ನು ಬಲಗೈಗೇ ಕತ್ತರಿಸಿದ್ದರು.

ನನಗೆ ನಗು ತಡೆಯಲಾಗಲಿಲ್ಲ. "ಎರಡು ಬಲಗೈ ಇರೋ ಗಿರಾಕಿ ಹುಡುಕಬೇಕಲ್ಲಕ್ಕ" ಅಂದೆ. ಆಮೇಲೆ ಅವಳ ಮುಖ ನೋಡಿದೆ. ನಗು ನಿಲ್ಲಿಸಿದೆ.

"ನಂಗೆ ಕಲಿಸೋಕೆ ಬರಲ್ಲ ಕಣೆ" ಅಂದಳು ಅಕ್ಕ. "ಇಪ್ಪತ್ತಾರು ವರ್ಷ ಕತ್ತರಿ ಹಿಡಿದಿದ್ದೀನಿ, ಹೊಲಿಯೋದು ಬರುತ್ತೆ. ಕಲಿಸೋದು ಬೇರೆ ವಿದ್ಯೆ. ಪಾಪ, ಆ ಕಂಡಕ್ಟರ್ ಹುಡುಗಿ ಊಟ ಬಿಟ್ಟು ಕೂತ್ಕೋತಾಳೆ. ಅವಳ ಬಟ್ಟೆ ಹಾಳು ಮಾಡಿಸಿದ್ನಲ್ಲ. ಶುಕ್ರವಾರದ್ದೇ ಕೊನೇ ಕ್ಲಾಸು. ಬರೆದಿಟ್ಟಿದ್ದೀನಿ ನೋಡು."

ಫೋನು ತೋರಿಸಿದಳು. 'ಶುಕ್ರವಾರದ ನಂತರ ಪಾಠ ಇರುವುದಿಲ್ಲ, ಕ್ಷಮಿಸಿ' ಎಂಬ ಸಾಲು ಬರೆದಾಗಿತ್ತು, ಕಳಿಸುವುದೊಂದು ಬಾಕಿ. ಅಂದು ಸೋಮವಾರ.

"ನೆಟ್ಟಿನ ತೊಂದರೆ ಇರಬಹುದಲ್ವಾ?" ಅಂದೆ.

ಮೂಲೆಯಲ್ಲಿ ಕೂತು ಕೈಗಡಿಯಾರವೊಂದರ ಹೊಟ್ಟೆ ಬಿಚ್ಚಿಕೊಂಡಿದ್ದ ಭಾವ ತಲೆ ಎತ್ತಿದರು. ಒಂದು ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಭೂತಗನ್ನಡಿಯಿಂದಲೇ ನನ್ನನ್ನು ನೋಡಿದರು.

"ನೆಟ್ಟಿನ ಮಾತು ಎತ್ತಬೇಡ. ಇವಳ ಕ್ಲಾಸಿಗೆ ಅಂತಲೇ ನೆಟ್ ಕಂಪನಿಯ ಮಿಂಚು ಪ್ಯಾಕ್ ಹಾಕ್ಸಿದ್ದೀನಿ. ಈ ಬಿಲ್ಡಿಂಗಿನಲ್ಲೇ ಇದಕ್ಕಿಂತ ಜಾಸ್ತಿ ವೇಗ ಯಾರಿಗೂ ಇಲ್ಲ. ಬೇಕಾದ್ರೆ ಮೀಟರ್ ನೋಡು." ವೇಗ ಅಳೆಯುವ ಆಪ್ ತೆರೆದು ಮುಖಕ್ಕೆ ಹಿಡಿದರು. ಮುಳ್ಳು ಜರ್ರನೆ ಹೋಗಿ ಆ ತುದಿಗೆ ನಿಂತಿತು. ಹೌದು, ದೊಡ್ಡ ಅಂಕಿಯೇ. ನನ್ನ ಮನೆಯಲ್ಲಿರುವುದು ಹಳೇ ಸಾದಾ ಪ್ಯಾಕು, ಅದರ ಮೂರನೇ ಒಂದು ಭಾಗವೂ ಬರುವುದಿಲ್ಲ. ಕಂಪನಿಯವರು ಮಿಂಚು ಪ್ಯಾಕಿನ ಕಾಗದ ಹಿಡಿದು ಬಂದಾಗ ನಾನು ಬೇಡವೆಂದದ್ದು ಜಾಣತನದಿಂದಲ್ಲ, ಸಹಿ ಹಾಕಲು ಕನ್ನಡಕ ಹುಡುಕುವ ಸೋಮಾರಿತನದಿಂದ.

ಆಗ ಒಳಗೆ ಬಂದವರು ಟ್ರಂಕಾಲ್ ಅಜ್ಜಿ. ಕೆಳಗಿನ ಮನೆಯವರು. ಹಳೆಯ ಕಾಲದಲ್ಲಿ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ ದೂರದೂರುಗಳ ಕರೆ, ಅಂದರೆ ಟ್ರಂಕಾಲ್, ಜೋಡಿಸುವ ಆಪರೇಟರ್ ಆಗಿದ್ದವರು, ಅದಕ್ಕೇ ಆ ಹೆಸರು. ಈಗಲೂ ಮೊಮ್ಮಕ್ಕಳಿಗಿಂತ ಚೆನ್ನಾಗಿ ಫೋನು ಆಡಿಸುತ್ತಾರೆ. ಚೀಲದ ಕಿತ್ತ ಜಿಪ್ಪು ಹೊಲಿಸಲು ಬಂದಿದ್ದರು. ವಿಷಯ ಕೇಳಿಸಿಕೊಂಡು ಚೀಲವನ್ನು ಪಕ್ಕಕ್ಕಿಟ್ಟು ಕೂತರು.

"ಮೀಟರ್ ತೋರಿಸ್ತೀಯಲ್ಲಪ್ಪ" ಅಂದರು ಭಾವನಿಗೆ, "ಅದು ಅಳೆಯೋದು ಮೀಟರಿನವರ ದಾರಿ ಮಾತ್ರ. ಸಂಘದ ವೆಬ್‌ಸೈಟಿನ ದಾರಿ ಹೇಗಿದೆ ಅಂತ ಅದಕ್ಕೇನು ಗೊತ್ತು?"

"ನೆಟ್ ಅಂದ್ರೆ ಎಲ್ಲಾ ಒಂದೇ ಅಲ್ವಾ ಅಜ್ಜಿ? ಒಂದೇ ವಯರ್ ಬರೋದು."

"ವಯರ್ ಒಂದೇ. ಅದರೊಳಗೆ ಯಾರನ್ನ ಓಡಿಸ್ತಾರೆ, ಯಾರನ್ನ ಕಾಯಿಸ್ತಾರೆ ಅನ್ನೋದು ಬೇರೆ. ನೀನು ಗಡಿಯಾರದವನು. ಬಾಯಿಮಾತು ನಂಬಬೇಡ, ಅಳೆದು ನೋಡು. ಎಷ್ಟು ಹೊತ್ತಿಗೆ ತೆರೀತು, ಎಷ್ಟು ಸಲ ನಿಂತಿತು, ನಿಂತಾಗ ಎಷ್ಟು ಸೆಕೆಂಡು ನಿಂತಿತು, ಮಾತೂ ಕೈಯೂ ಒಟ್ಟಿಗೆ ಬಂತಾ. ಮನುಷ್ಯರಿಗೆ ಬೇಕಾಗಿರೋದು ಇದು. ಇದಕ್ಕೆ ಅನುಭವದ ಗುಣಮಟ್ಟ ಅಂತಾರೆ. ಮೀಟರಿನ ಅಂಕಿ ಊಟಕ್ಕೆ ಹಾಕ್ಕೊಳ್ಳೋಕೆ ಬರಲ್ಲ."

ಭಾವನಿಗೆ ಅಳೆದು ನೋಡು ಅಂದರೆ ಮುಗಿಯಿತು. ಮದುವೆಗೆ ಮುಂಚೆ ಅಕ್ಕನನ್ನು ನೋಡಲು ಹೋದಾಗ ಅವರ ಮನೆಯ ಗೋಡೆ ಗಡಿಯಾರ ಎರಡು ನಿಮಿಷ ಹಿಂದಿದೆ ಅಂತ ಹೇಳಿ ಬಂದ ಮನುಷ್ಯ.

ಬುಧವಾರ ಮಧ್ಯಾಹ್ನ ಕ್ಲಾಸು ಮುಗಿದ ಮೇಲೆ ಪರೀಕ್ಷೆ ನಡೆಯಿತು. ಅತ್ತ ಕಡೆ ಕಂಡಕ್ಟರ್ ಹುಡುಗಿ ಅವತ್ತು ರಜೆ ಇದ್ದದ್ದರಿಂದ ಖುಷಿಯಾಗಿ ಒಪ್ಪಿಕೊಂಡಳು. ಅಜ್ಜಿ ಮೊದಲು ನಮ್ಮ ತಪ್ಪು ಏನಾದರೂ ಇದೆಯೇ ಎಂದು ಹುಡುಕಿಸಿದರು. ಇತ್ತು. ವೈಫೈ ಕೊಡುವ ನೆಟ್ಟಿನ ಡಬ್ಬಿ ಕಬ್ಬಿಣದ ಬೀರುವಿನ ಹಿಂದೆ ಬಿದ್ದಿತ್ತು. ಅದನ್ನು ತೆಗೆದು ತೆರೆದ ಕಪಾಟಿನ ಮೇಲಿಟ್ಟರು. ಮನೆಯಲ್ಲಿ ಬೇರೆ ಯಾವ ಫೋನೂ ನೆಟ್ ಬಳಸದಂತೆ ನೋಡಿಕೊಂಡರು. "ಎಲ್ಲದಕ್ಕೂ ಕಂಪನಿಯನ್ನ ಬೈಯೋದೂ ಸರಿಯಲ್ಲ" ಅಂದರು.

ಭಾವ ಸ್ಟಾಪ್‌ವಾಚ್ ಹಿಡಿದು ಕೂತರು. ಸಂಘದ ವೆಬ್‌ಸೈಟ್ ತೆರೆಯಲು ನಲವತ್ತೊಂದು ಸೆಕೆಂಡು. ಹತ್ತು ನಿಮಿಷದಲ್ಲಿ ಹದಿನಾಲ್ಕು ಸಲ ನಿಂತಿತು. ಡಬ್ಬಿ ಜಾಗ ಬದಲಿಸಿದ್ದಕ್ಕೆ ಸ್ವಲ್ಪ ವಾಸಿಯಾಗಿದ್ದೇ ಇಷ್ಟು. ಅದೇ ಫೋನು, ಅದೇ ಮೇಜು, ಈಗ ಮಿಂಚು ಪ್ಯಾಕಿನ ಕಾಗದದಲ್ಲಿ ಹೆಸರಿದ್ದ ಒಂದು ದೊಡ್ಡ ಆಪಿನಿಂದ ಅದೇ ಹುಡುಗಿಗೆ ವಿಡಿಯೋ ಕರೆ ಮಾಡಿದರು. ಎರಡೇ ಸೆಕೆಂಡು, ಒಂದು ಸಲವೂ ನಿಲ್ಲಲಿಲ್ಲ.

"ಸಂಘದ ವೆಬ್‌ಸೈಟೇ ಸರಿಯಿಲ್ಲ ಅಂತಾಯ್ತು" ಅಂದರು ಭಾವ, ಗೆದ್ದವರಂತೆ.

"ಆತುರ ಬೇಡ. ಫೋನು ತಗೊಂಡು ಎದುರು ಮನೆಗೆ ಹೋಗು" ಅಂದರು ಅಜ್ಜಿ.

ನನ್ನ ಮನೆಯದೂ ಅದೇ ಕಂಪನಿ, ಮೆಟ್ಟಿಲ ಪಕ್ಕದಲ್ಲಿ ಇಬ್ಬರಿಗೂ ಬರುವುದು ಒಂದೇ ವಯರು. ಪ್ಯಾಕು ಮಾತ್ರ ಸಾದಾ. ನನ್ನ ಊಟದ ಮೇಜಿನ ಮೇಲೆ ಫೋನಿಟ್ಟು ಸಂಘದ ವೆಬ್‌ಸೈಟ್ ತೆರೆದರು. ಮೂರು ಸೆಕೆಂಡು. ಹತ್ತು ನಿಮಿಷದಲ್ಲಿ ಒಂದೇ ಸಲ, ಅದೂ ಕಣ್ಣು ಮಿಟುಕಿಸುವಷ್ಟು ನಿಂತಿತು. ಭಾವ ನಂಬಲಿಲ್ಲ. ಆ ಮನೆಗೆ ಓಡಿದರು, ಈ ಮನೆಗೆ ಬಂದರು. ಫೋನು ಬದಲಿಸಿ ಅಳೆದರು. ಮೂರು ಸಲ ಅಳೆದರು. ಮೂರು ಸಲವೂ ಅದೇ ಉತ್ತರ. ಸ್ಟಾಪ್‌ವಾಚನ್ನೇ ಅನುಮಾನಿಸಿ ಕಿವಿಗೆ ಹಿಡಿದು ನೋಡಿದರು, ಅದೂ ಸರಿಯಾಗಿಯೇ ಇತ್ತು.

ಕೊನೆಗೆ ಪೆಟ್ಟಿಗೆಯಿಂದ ಮಿಂಚು ಪ್ಯಾಕಿನ ಕಾಗದ ತೆಗೆದರು. ಅದರ ಕೆಳಗೆ ಇರುವೆ ಸಾಲಿನಷ್ಟು ಸಣ್ಣ ಅಕ್ಷರದಲ್ಲಿ ಏನೋ ಇತ್ತು. ಭೂತಗನ್ನಡಿ ಕಣ್ಣಿಗೆ ಸಿಕ್ಕಿಸಿಕೊಂಡು ಗಟ್ಟಿಯಾಗಿ ಓದಿದರು: 'ಆಯ್ದ ಹತ್ತು ಸೇವೆಗಳಿಗೆ ಮಿಂಚಿನ ವೇಗ. ಉಳಿದ ಸೇವೆಗಳ ವೇಗವನ್ನು ಅಗತ್ಯಕ್ಕೆ ತಕ್ಕಂತೆ ಮಿತಿಗೊಳಿಸಲಾಗುವುದು.'

ಭಾವ ಕಾಗದವನ್ನು ಮಡಚಿ ಮೇಜಿನ ಮೇಲಿಟ್ಟರು.

"ಒಂದೂವರೆ ತಿಂಗಳ ಹಿಂದೆ, ನಿನಗೆ ಅಂತಲೇ ಹಾಕ್ಸಿದ್ದು" ಅಂದರು, ಅಕ್ಕನ ಕಡೆ ನೋಡದೆ. ಅವರ ದನಿ ಅಷ್ಟು ಸಣ್ಣದಾಗಿದ್ದನ್ನು ನಾನು ಕೇಳಿರಲಿಲ್ಲ. ಹೆಂಡತಿಗೆ ಇಷ್ಟಪಟ್ಟು ತಂದ ಉಡುಗೊರೆಯೇ ಅವಳ ಕ್ಲಾಸಿನ ಕತ್ತು ಹಿಸುಕುತ್ತಿತ್ತು ಅಂತ ಗೊತ್ತಾದರೆ ಯಾರಿಗಾದರೂ ಸಂಕಟವೇ.

"ಹೋಗ್ಲಿ ಬಿಡಿ, ನಿಮಗೇನು ಗೊತ್ತಿತ್ತು" ಅಂದಳು ಅಕ್ಕ. ಆದರೆ ಅವಳ ಮುಖ ಅರಳಿತ್ತು. ಒಂದೂವರೆ ತಿಂಗಳಲ್ಲಿ ಮೊದಲ ಸಲ ಅವಳು ತನ್ನ ಕೈಗಳನ್ನು ತಪ್ಪಿತಸ್ಥರಂತೆ ನೋಡಲಿಲ್ಲ.

ಭಾವ ಪಟ್ಟು ಬಿಡುವವರಲ್ಲ. "ಅಜ್ಜಿ, ಕಂಪನಿಯವರು ಹತ್ತು ಆಪಿಗಾದ್ರೂ ವೇಗ ಕೊಟ್ಟಿದಾರಲ್ಲ. ಅದು ಒಳ್ಳೇದೇ ಅಲ್ವಾ?"

"ಒಂದು ವಿಷಯ ಹೇಳ್ತೀನಿ, ಯಾರಿಗೂ ಹೇಳಿಲ್ಲ" ಅಂದರು ಅಜ್ಜಿ. "ಎಕ್ಸ್‌ಚೇಂಜಿನಲ್ಲಿ ನಮ್ಮ ಮುಂದೆ ಬೋರ್ಡು ಇರ್ತಿತ್ತು. ಯಾರು ಫೋನ್ ಎತ್ತಿದ್ರೂ ಅವರ ದೀಪ ಹತ್ತಿಕೊಳ್ತಿತ್ತು. ಯಾವ ದೀಪ ಮೊದಲು ಹತ್ತಿತೋ ಅದಕ್ಕೆ ಮೊದಲು ಸಂಪರ್ಕ. ಯಾರದ್ದು ಅಂತ ಕೇಳೋ ಹಾಗಿಲ್ಲ. ಒಂದು ದಿನ ನಮ್ಮ ಮೇಲಿನವರು ಬಂದು, ದೊಡ್ಡ ವ್ಯಾಪಾರಿಗಳ ಹತ್ತು ನಂಬರು ಕೊಟ್ಟು, ಇವರದ್ದು ಯಾವಾಗ ಬಂದ್ರೂ ಮೊದಲು ಹಾಕು ಅಂದ್ರು. ನಾನು ಹೊಸಬಳು, ಹಾಕಿದೆ. ಅವತ್ತು ಒಂದು ದೀಪ ಇಪ್ಪತ್ತು ನಿಮಿಷ ಹತ್ತಿಕೊಂಡೇ ಇತ್ತು. ಆಸ್ಪತ್ರೆಯಲ್ಲಿದ್ದ ಹೆಂಡತಿಯ ಸುದ್ದಿ ಕೇಳೋಕೆ ಕಾಯ್ತಿದ್ದ ಮನುಷ್ಯನದ್ದು."

"ಅವಳಿಗೆ ಏನಾದ್ರೂ..." ಅಂದಳು ಅಕ್ಕ.

"ಇಲ್ಲಮ್ಮ, ತಾಯಿ ಮಗು ಚೆನ್ನಾಗಿದ್ರು. ಆದ್ರೆ ಮಾರನೇ ದಿನ ಆ ಮನುಷ್ಯ ನಮ್ಮ ಆಫೀಸಿಗೆ ಬಂದ. ಜಗಳಕ್ಕೆ ಬಂದ ಅಂದ್ಕೊಂಡು ನಾನು ನಡುಗ್ತಿದ್ದೆ. ಅವನು ಬಂದಿದ್ದು ಅರ್ಜಿ ಕೊಡೋಕೆ. 'ನನ್ನ ಫೋನೇ ಸರಿ ಇಲ್ಲ, ದಯವಿಟ್ಟು ಬದಲಾಯಿಸಿಕೊಡಿ' ಅಂತ ಬರ್ಕೊಂಡು ಬಂದಿದ್ದ. ಕಾಯಿಸಿದವಳು ನಾನು. ಅವನು ಅನುಮಾನ ಪಟ್ಟಿದ್ದು ತನ್ನ ಫೋನನ್ನ."

ಅಕ್ಕ ಕೈಯಲ್ಲಿದ್ದ ಅಳತೆ ಟೇಪನ್ನು ಬೆರಳಿಗೆ ಸುತ್ತುತ್ತಾ ಕೂತಳು.

"ನೆಟ್ ಕಂಪನಿ ಮಾಡೋದೂ ಎಕ್ಸ್‌ಚೇಂಜಿನ ಕೆಲಸಾನೇ" ಅಂದರು ಅಜ್ಜಿ. "ದಾರಿ ಕೊಡೋದು. ಆ ದಾರೀಲಿ ಹೋಗೋರು ದೊಡ್ಡೋರಾ ಸಣ್ಣೋರಾ, ತಮಗೆ ಬೇಕಾದೋರಾ ಬೇಡದೋರಾ ಅಂತ ನೋಡಿ ಒಬ್ಬರನ್ನ ಓಡಿಸಿ ಇನ್ನೊಬ್ಬರನ್ನ ತಡೆಯಬಾರದು. ಇದಕ್ಕೇ ನೆಟ್ ನ್ಯೂಟ್ರಾಲಿಟಿ ಅಂತಾರೆ, ಪೇಪರಿನವರು ಅಂತರ್ಜಾಲ ತಟಸ್ಥತೆ ಅಂತ ಬರೀತಾರೆ. ಎಲ್ಲರೂ ಒಟ್ಟಿಗೆ ಬಂದಾಗ ಎಲ್ಲರಿಗೂ ಸ್ವಲ್ಪ ನಿಧಾನ ಆದ್ರೆ ಒಪ್ಪೋಣ. ಬೆಂಕಿ ಬಿತ್ತು, ಆಂಬುಲೆನ್ಸ್ ಬೇಕು ಅಂದ್ರೆ ಅವರನ್ನ ಮುಂದೆ ಬಿಡೋಣ. ಅದು ನ್ಯಾಯ. ಹತ್ತು ಜನಕ್ಕೆ ಮೊದಲೇ ಬಾಗಿಲು ತೆಗೆದಿಟ್ಟು ಮಿಕ್ಕೋರಿಗೆ ಮುಚ್ಚೋದು ನ್ಯಾಯ ಅಲ್ಲ. ಇವತ್ತು ಹೊಲಿಗೆಯವರ ವೆಬ್‌ಸೈಟ್ ಸಾಯುತ್ತೆ. ನಾಳೆ ಆ ಹತ್ತು ಬಿಟ್ಟು ಇನ್ನೇನೂ ಉಳಿಯಲ್ಲ. ಆಮೇಲೆ ಆ ಹತ್ತರವರು ಆಡಿಸಿದ ಹಾಗೆ ನಾವು ಆಡಬೇಕು."

ಭಾವ ಎದ್ದು ಕಂಪನಿಗೆ ಫೋನು ಹಚ್ಚಿದರು.

ಅತ್ತ ಕಡೆಯ ಹುಡುಗ ಬಹಳ ವಿನಯದಿಂದ, "ಸರ್, ಮಿಂಚು ಪ್ಲಸ್ ಪ್ಯಾಕ್ ತಗೊಳ್ಳಿ, ಇನ್ನೂ ಹೆಚ್ಚು ವೇಗ" ಅಂದ.

"ವೇಗ ಬೇಡಪ್ಪ" ಅಂದರು ಭಾವ. "ಸಂಘದ ವೆಬ್‌ಸೈಟನ್ನ ಯಾಕೆ ಕಾಯಿಸ್ತಿದೀರಿ, ಅದಕ್ಕೆ ಉತ್ತರ ಕೊಡಿ. ಅಳೆದು ಬರ್ಕೊಂಡಿದ್ದೀನಿ. ತಾರೀಖು, ಗಂಟೆ, ಸೆಕೆಂಡು. ಓದಲಾ?"

ಓದಿಯೂ ಬಿಟ್ಟರು. ಹುಡುಗ ಪಾಪ ಅರ್ಧ ಗಂಟೆ ಕೇಳಿಸಿಕೊಂಡ. ಕೊನೆಗೆ ದೂರು ಬರೆದುಕೊಂಡು ನಂಬರು ಕೊಟ್ಟ. ಮತ್ತೆ ಸಾದಾ ಪ್ಯಾಕಿಗೆ ಬದಲಿಸಿಕೊಡುತ್ತೇವೆ, ಸೋಮವಾರದ ಹೊತ್ತಿಗೆ ಆಗುತ್ತದೆ ಅಂದ. ಟೆಲಿಫೋನು ಕಂಪನಿಗಳ ಮೇಲೆ ಕಣ್ಣಿಡುವ ಸರ್ಕಾರಿ ಕಚೇರಿಗೂ ಒಂದು ಪ್ರತಿ ಕಳಿಸಿ ಅಂತ ಅಜ್ಜಿ ಹೇಳಿದ್ದರು. ಕಳಿಸಿದರು. ಬಿಲ್ಡಿಂಗಿನಲ್ಲಿ ಮಿಂಚು ಪ್ಯಾಕ್ ಹಾಕಿಸಿದ್ದ ಬೇರೆ ಒಂಬತ್ತು ಮನೆಗೂ ಸ್ಟಾಪ್‌ವಾಚ್ ಹಿಡಿದು ಹೋಗಿಬಂದರು. ಏಳು ಮನೆಯವರು ದೂರಿಗೆ ಸಹಿ ಹಾಕಿದರು. ಇಬ್ಬರು ನಮಗೆ ಆ ಹತ್ತೇ ಸಾಕು ಅಂದರು, ಅದು ಅವರಿಷ್ಟ.

ಆದರೆ ಶುಕ್ರವಾರ ಸೋಮವಾರಕ್ಕಿಂತ ಮೊದಲೇ ಬರುತ್ತದಲ್ಲ. ಕ್ಲಾಸನ್ನು ನಮ್ಮ ಮನೆಗೆ ತಂದುಬಿಡೋಣ ಅಂದೆ. ಅಕ್ಕನ ಮೇಜು ನನ್ನ ಬಾಗಿಲಿನಲ್ಲಿ ತೂರಲಿಲ್ಲ. ಅಡ್ಡ ಹಾಕಿದೆವು, ಓರೆ ಮಾಡಿದೆವು, ನನ್ನ ಬಾಗಿಲಿನ ಬಣ್ಣ ಕಿತ್ತು ಬಂತೇ ಹೊರತು ಮೇಜು ಒಳಗೆ ಬರಲಿಲ್ಲ. ಕೊನೆಗೆ ನನ್ನ ನೆಟ್ಟಿನ ಡಬ್ಬಿಯನ್ನೇ ಹೊಸ್ತಿಲ ಬಳಿ ಸ್ಟೂಲಿನ ಮೇಲಿಟ್ಟು ಎರಡೂ ಬಾಗಿಲು ತೆರೆದಿಟ್ಟೆವು. ಮೂರು ಗಂಟೆಗೆ ಭಾವ ಸ್ಟೂಲಿನ ಪಕ್ಕ ಕಾವಲು ಕೂತರು, ಮೆಟ್ಟಿಲು ಹತ್ತುವವರು ಯಾರೂ ಎಡವದಿರಲಿ ಅಂತ.

ಹನ್ನೊಂದು ಮುಖಗಳೂ ಬಂದವು. ಅಕ್ಕ ಕಾಲರಿನ ಪಾಠ ಶುರು ಮಾಡಿದಳು. ಮೊದಲು ನಿಧಾನವಾಗಿಯೇ ಹೋದಳು, ಅಭ್ಯಾಸ ಬಲ. ಯಾರೂ ನಿಂತುಹೋಯ್ತು ಅನ್ನಲಿಲ್ಲ. ಸ್ವಲ್ಪ ಬೇಗ ಮಾಡಿದಳು. ಆಗಲೂ ಯಾರೂ ಅನ್ನಲಿಲ್ಲ. ಆಮೇಲೆ ಅವಳು ನಮ್ಮನ್ನೆಲ್ಲ ಮರೆತುಬಿಟ್ಟಳು. ಕತ್ತರಿ ತನ್ನ ಹಳೆಯ ಓಟಕ್ಕೆ ಬಿತ್ತು. ನಾನು ಎಷ್ಟೋ ದಿನದ ಮೇಲೆ ಆ ಕೈಗಳನ್ನು ಆ ಓಟದಲ್ಲಿ ನೋಡಿದೆ, ಖುಷಿಯಾಯಿತು.

ನಡುವೆ ಡಿಪೋದ ಬೆಂಚಿನಿಂದ ಕಂಡಕ್ಟರ್ ಹುಡುಗಿ, "ಅಕ್ಕಾ, ಒಂದು ನಿಮಿಷ" ಅಂದಳು.

ಅಕ್ಕನ ಕೈ ಅಲ್ಲೇ ನಿಂತಿತು. "ಏನಾಯ್ತಮ್ಮ, ಹೋಯ್ತಾ?"

"ಇಲ್ಲಕ್ಕ. ನಿಮ್ಮ ಕತ್ತರಿ ಸದ್ದು ಕೇಳ್ತಾ ಇದೆ. ಬಟ್ಟೆ ಮೇಲೆ ಎಳೆದ ಹಾಗೆ, ಒಂದೇ ಸಮ. ನನ್ನದು ಕಚ್ಚಿ ಕಚ್ಚಿ ಹೋಗುತ್ತೆ. ಈಗ ಗೊತ್ತಾಯ್ತು, ನಾನು ಕತ್ತರೀನ ಪೂರ್ತಿ ಮುಚ್ಚಿಬಿಡ್ತಿದ್ದೆ. ನೀವು ಮುಚ್ಚಲ್ಲ."

ಅಕ್ಕ ಸೆರಗಿನಿಂದ ಕಣ್ಣು ಒರೆಸಿಕೊಂಡು, "ಇನ್ನೊಂದು ಸಲ ಮಾಡ್ತೀನಿ, ಕೇಳಿಸ್ಕೊಳ್ಳಿ ಎಲ್ರೂ" ಅಂದಳು. ಕಲಿಸಲು ಬರುವುದಿಲ್ಲ ಅಂದುಕೊಂಡಿದ್ದವಳಿಂದ ಅವತ್ತು ಹನ್ನೊಂದು ಜನ ಬರೀ ಸದ್ದಿನಿಂದ ಒಂದು ಪಾಠ ಕಲಿತರು. ಬರೆದಿಟ್ಟಿದ್ದ ಆ ಸಾಲನ್ನು ಅವಳು ಯಾವಾಗ ಅಳಿಸಿದಳೋ ನನಗೆ ಗೊತ್ತಿಲ್ಲ, ಸಂಜೆ ನೋಡಿದಾಗ ಇರಲಿಲ್ಲ.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಿಮ್ಮ ಮನೆಯಲ್ಲೂ ಚಿತ್ರ ನಿಲ್ಲುತ್ತಿರಬಹುದು. ಮೊದಲು ಡಬ್ಬಿ ಬೀರುವಿನ ಹಿಂದೆ ಇದೆಯಾ ನೋಡಿ. ಆಮೇಲೆ ಗಡಿಯಾರ ಹಿಡಿದು ಅಳೆಯಿರಿ. ಒಂದು ಸೇವೆ ಓಡಿ, ಇನ್ನೊಂದು ಕುಂಟಿದರೆ, ಪಕ್ಕದ ಮನೆಯ ನೆಟ್ಟಿನಲ್ಲಿ ಆ ಕುಂಟುವುದೂ ಓಡಿದರೆ, ತಾರೀಖು ಹಾಕಿ ಬರೆದಿಡಿ. ಪ್ಯಾಕಿಗೆ ಸಹಿ ಹಾಕುವ ಮುಂಚೆ ಸಣ್ಣ ಅಕ್ಷರ ಓದಿ, ಓದಲಾಗದಿದ್ದರೆ ಓದಿಸಿಕೊಳ್ಳಿ. 'ಉಳಿದ ಸೇವೆಗಳು' ಅಂತ ಅವರು ಬರೆದದ್ದರೊಳಗೆ ನಿಮ್ಮ ಮಗಳ ಪಾಠ ಇರಬಹುದು, ನಿಮ್ಮ ಡಾಕ್ಟರ ಮಾತು ಇರಬಹುದು, ನಿಮ್ಮ ಸಂಘದ ಸಭೆ ಇರಬಹುದು. ಕಂಪನಿಯನ್ನು ಕೇಳಿ. ಅಲ್ಲಿ ಉತ್ತರ ಬಾರದಿದ್ದರೆ ಅವರ ಮೇಲೆ ಕಣ್ಣಿಡುವ ಕಚೇರಿಯನ್ನು ಕೇಳಿ. ಒಬ್ಬರೇ ಕೇಳಬೇಡಿ, ಮೆಟ್ಟಿಲ ಮೇಲಿನವರನ್ನೂ ಕೆಳಗಿನವರನ್ನೂ ಸೇರಿಸಿಕೊಂಡು ಕೇಳಿ.

ಮತ್ತೆ, ದಯವಿಟ್ಟು, ನನಗೆ ಬರುವುದಿಲ್ಲ ಅಂತ ಕೈ ಚೆಲ್ಲುವ ಮುಂಚೆ ಒಂದು ಸಲ ದಾರಿಯನ್ನು ಪರೀಕ್ಷೆ ಮಾಡಿ. ನಿಮ್ಮ ಕೈ ಚೆನ್ನಾಗಿಯೇ ಇರಬಹುದು.